ಊರು ಬದಲಾದರೆ ತೈಲವೂ ಬದಲಾಗುವುದೇ? ಸುಗಂಧ ತೈಲಗಳ ರಾಸಾಯನಿಕ ಸಂಯೋಜನೆ ಮತ್ತು ಬ್ಯಾಕ್ಟೀರಿಯಾ ವಿರೋಧಿ ಗುಣ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಸಸ್ಯದ ತೈಲ ಒಂದು ಅಧ್ಯಯನದಲ್ಲಿ ಬ್ಯಾಕ್ಟೀರಿಯಾಗಳನ್ನು ಸುಲಭವಾಗಿ ಕೊಂದಿತೆಂದೂ, ಇನ್ನೊಂದು ಅಧ್ಯಯನದಲ್ಲಿ ಏನೂ ಮಾಡಲಿಲ್ಲವೆಂದೂ ಓದಿ ಗೊಂದಲಕ್ಕೀಡಾದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಎರಡೂ ಅಧ್ಯಯನಗಳು ಸರಿಯಾಗಿರುವ ಸಾಧ್ಯತೆ ಉಂಟು, ಏಕೆಂದರೆ ಸಸ್ಯದ ಹೆಸರು ಒಂದೇ ಆಗಿದ್ದರೂ ಪರೀಕ್ಷೆಗೆ ಒಳಗಾದ ದ್ರವ ಒಂದೇ ಆಗಿರಬೇಕೆಂದಿಲ್ಲ.

ಸುಗಂಧ ತೈಲ ಎಂದರೆ ಯಾವುದನ್ನು ಹೇಳುತ್ತಾರೆ?

ಸಸ್ಯದ ಎಲೆ, ಹೂವು, ತೊಗಟೆ, ಬೀಜ ಅಥವಾ ಬೇರಿನಿಂದ ಆವಿಯ ನೆರವಿನಿಂದ ಬಟ್ಟಿ ಇಳಿಸಿ ಪಡೆದ, ಸುಲಭವಾಗಿ ಆವಿಯಾಗುವ ಸುವಾಸನೆಯ ದ್ರವವೇ ಸುಗಂಧ ತೈಲ, ಅಂದರೆ ಎಸೆನ್ಶಿಯಲ್ ಆಯಿಲ್. ಕಿತ್ತಳೆ, ನಿಂಬೆಗಳಂಥ ಹಣ್ಣುಗಳ ಸಿಪ್ಪೆಯನ್ನು ಬಿಸಿ ಮಾಡದೆ ಹಿಂಡಿ ತೆಗೆದ ತೈಲವೂ ಈ ಗುಂಪಿಗೆ ಸೇರುತ್ತದೆ. ದ್ರಾವಕ ಬಳಸಿ ತೆಗೆದ ಸಾರವನ್ನು ಈ ಹೆಸರಿನಿಂದ ಕರೆಯುವುದಿಲ್ಲ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಂತೆ ಇದು ಕೊಬ್ಬಿನ ಎಣ್ಣೆಯೂ ಅಲ್ಲ. ಇದರಲ್ಲಿರುವುದು ಮುಖ್ಯವಾಗಿ ಹತ್ತು ಇಂಗಾಲದ ಮಾನೋಟರ್ಪೀನ್‌ಗಳು, ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್‌ಗಳು, ಮತ್ತು ಲವಂಗದ ಯೂಜಿನಾಲ್‌ನಂಥ ಫಿನೈಲ್‌ಪ್ರೊಪನಾಯ್ಡ್‌ಗಳು. ಒಂದು ತೈಲದಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ಘಟಕಗಳು ಇರುತ್ತವೆ. ಆದರೂ ಒಟ್ಟು ತೂಕದ ಬಹುಪಾಲು ಎರಡು ಮೂರು ಘಟಕಗಳದ್ದೇ ಆಗಿರುವುದು ಸಾಮಾನ್ಯ.

ಒಂದೇ ಜಾತಿಯ ಸಸ್ಯದ ತೈಲ ಪ್ರದೇಶದಿಂದ ಪ್ರದೇಶಕ್ಕೆ ಏಕೆ ಬದಲಾಗುತ್ತದೆ?

ಇದಕ್ಕೆ ಎರಡು ಬಗೆಯ ಕಾರಣಗಳಿದ್ದು, ಇವೆರಡನ್ನು ಕಲಸಿಬಿಡುವುದೇ ಬಹಳಷ್ಟು ತಪ್ಪು ತಿಳುವಳಿಕೆಯ ಮೂಲ.

ಮೊದಲನೆಯದು ವಂಶವಾಹಿಗಳದ್ದು. ಟರ್ಪೀನ್‌ಗಳನ್ನು ಕಟ್ಟುವ ಕಿಣ್ವಗಳಿಗೆ ಟರ್ಪೀನ್ ಸಿಂಥೇಸ್ ಎಂದು ಹೆಸರು. ಒಂದೇ ಕಚ್ಚಾವಸ್ತುವಿನಿಂದ ಒಂದು ಕಿಣ್ವ ಲಿನಲೂಲನ್ನು ತಯಾರಿಸಿದರೆ, ಅದರ ಬದಲು ಕೆಲಸಕ್ಕಿಳಿದ ಇನ್ನೊಂದು ಕಿಣ್ವ ಸಿನಿಯೋಲನ್ನು ತಯಾರಿಸುತ್ತದೆ. ಕಿಣ್ವದ ರಚನೆಯಲ್ಲಿ ಕೆಲವೇ ಅಮೈನೋ ಆಮ್ಲಗಳು ಬದಲಾದರೂ ಉತ್ಪನ್ನ ಬದಲಾಗಬಹುದು. ಹೀಗಾಗಿ ಹೊರನೋಟಕ್ಕೆ ವ್ಯತ್ಯಾಸವೇ ಕಾಣದ ಎರಡು ಗಿಡಗಳ ತೈಲಗಳು ಪೂರ್ತಿ ಬೇರೆಯಾಗಿರುವುದು ಸಾಧ್ಯ.

ಎರಡನೆಯದು ಪರಿಸರದ್ದು. ಬಿಸಿಲು, ಹಗಲಿನ ಉದ್ದ, ರಾತ್ರಿಯ ಉಷ್ಣಾಂಶ, ನೀರಿನ ಕೊರತೆ, ಮಣ್ಣಿನ ಪೋಷಕಾಂಶ, ಕೀಟಗಳ ಕಾಟ ಇವೆಲ್ಲ ತೈಲದ ಇಳುವರಿಯನ್ನೂ ಘಟಕಗಳ ಅನುಪಾತವನ್ನೂ ಏರಿಳಿಸುತ್ತವೆ. ಸ್ಥೂಲವಾಗಿ ಹೇಳುವುದಾದರೆ, ತೈಲದ ಮುಖ್ಯ ಘಟಕ ಯಾವುದು ಎಂಬುದನ್ನು ಹೆಚ್ಚಾಗಿ ವಂಶವಾಹಿ ನಿರ್ಧರಿಸುತ್ತದೆ, ಅದು ಎಷ್ಟಿರಬೇಕು ಎಂಬುದರಲ್ಲಿ ಪರಿಸರದ ಕೈ ದೊಡ್ಡದು. ಇದಕ್ಕೆ ಅಪವಾದಗಳಿವೆ, ಆದರೆ ಆರಂಭದ ಊಹೆಯಾಗಿ ಇದು ಕೈಕೊಡುವುದು ಕಡಿಮೆ.

ಕೀಮೋಟೈಪ್ ಎಂಬ ಪದ ಎಲ್ಲ ಕಡೆಯೂ ಕಾಣುತ್ತದೆ. ಹಾಗೆಂದರೇನು?

ಒಂದೇ ಜಾತಿಗೆ ಸೇರಿದ, ನೋಡಲು ಒಂದೇ ತೆರನಾದ, ಆದರೆ ತೈಲದ ಪ್ರಧಾನ ಘಟಕ ಬೇರೆ ಬೇರೆಯಾಗಿರುವ ಗುಂಪುಗಳನ್ನು ಕೀಮೋಟೈಪ್‌ಗಳು ಎನ್ನುತ್ತಾರೆ. ಇದಕ್ಕೆ ದಕ್ಷಿಣ ಫ್ರಾನ್ಸಿನ ಕಾಡಿನಲ್ಲಿ ಬೆಳೆಯುವ ಥೈಮ್ ಎಂಬ ಪರಿಮಳದ ಗಿಡಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ. ಹಾಗಾಗಿ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಮಾಂಪೆಲಿಯೆ ನಗರದ ಸುತ್ತಮುತ್ತ ಬೆಳೆಯುವ ಥೈಮ್‌ನಲ್ಲಿ ಆರು ಕೀಮೋಟೈಪ್‌ಗಳನ್ನು ಗುರುತಿಸಲಾಗಿದೆ: ಜೆರಾನಿಯಾಲ್, ಆಲ್ಫಾ-ಟರ್ಪಿನಿಯಾಲ್, ಥೂಜನಾಲ್, ಲಿನಲೂಲ್, ಕಾರ್ವಕ್ರಾಲ್ ಮತ್ತು ಥೈಮಾಲ್. ಕೊನೆಯ ಎರಡು ಫೀನಾಲ್ ಗುಂಪಿನವು, ಅಂದರೆ ಬೆಂಜೀನ್ ಉಂಗುರಕ್ಕೆ ನೇರವಾಗಿ ಹೈಡ್ರಾಕ್ಸಿಲ್ ಗುಂಪು ಅಂಟಿದವು. ಮೊದಲ ನಾಲ್ಕು ಫೀನಾಲ್ ಅಲ್ಲದವು. ಇವುಗಳ ಆನುವಂಶಿಕತೆಯಲ್ಲಿ ಮೆಟ್ಟಿಲುಗಳಂಥ ಒಂದು ಕ್ರಮವಿದೆ. ಮೇಲಿನ ಮೆಟ್ಟಿಲಿನ ಪ್ರಬಲ ವಂಶವಾಹಿ ಇದ್ದರೆ ಕೆಳಗಿನವುಗಳಿಗೆ ಪ್ರಕಟಗೊಳ್ಳಲು ಅವಕಾಶವಿಲ್ಲ. ಜೆರಾನಿಯಾಲ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಥೈಮಾಲ್ ಎಲ್ಲಕ್ಕಿಂತ ಕೆಳಗಿನದು. ಎಂದರೆ ಮೇಲಿನ ಯಾವ ಪ್ರಬಲ ವಂಶವಾಹಿಯೂ ಇಲ್ಲದ ಗಿಡ ಮಾತ್ರ ಥೈಮಾಲ್ ಗಿಡವಾಗುತ್ತದೆ.

ಇನ್ನೂ ಸ್ವಾರಸ್ಯಕರವಾದದ್ದು ಇವುಗಳ ಹಂಚಿಕೆ. ಮಾಂಪೆಲಿಯೆಯ ಉತ್ತರಕ್ಕಿರುವ ಸೇಂಟ್ ಮಾರ್ಟಿನ್ ದ ಲಾಂದ್ರ್ ಎಂಬ ಬೋಗುಣಿಯಂಥ ತಗ್ಗು ಪ್ರದೇಶದಲ್ಲಿ, ಚಳಿಗಾಲದ ತಂಪು ಗಾಳಿ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಆ ತಗ್ಗಿನೊಳಗೆ ಫೀನಾಲ್ ಅಲ್ಲದ ಗಿಡಗಳು ಹೆಚ್ಚು, ಸುತ್ತಲಿನ ಎತ್ತರದ ಒಣ ಇಳಿಜಾರುಗಳಲ್ಲಿ ಫೀನಾಲ್ ಗಿಡಗಳು ಹೆಚ್ಚು. ಫೀನಾಲ್ ಗಿಡಗಳು ಚಳಿಗಾಲದ ಆರಂಭದಲ್ಲಿ ಬೀಳುವ ಕಡು ಹಿಮವನ್ನು ತಾಳಲಾರವು, ಆದರೆ ಬೇಸಿಗೆಯ ಒಣಹವೆಯನ್ನು ಚೆನ್ನಾಗಿ ಎದುರಿಸುತ್ತವೆ. 1970ರ ದಶಕದಲ್ಲಿ ಗುರುತಿಸಿದ ಸ್ಥಳಗಳಿಗೆ ಸುಮಾರು 35 ವರ್ಷಗಳ ಬಳಿಕ ಸಂಶೋಧಕರು ಮರಳಿದಾಗ, ಹಿಂದೆ ಫೀನಾಲ್ ಗಿಡಗಳಿಲ್ಲದ ಕೆಲವೆಡೆ ಅವು ಕಾಣಿಸಿಕೊಂಡಿದ್ದವು. ನಡುವಿನ ಅವಧಿಯಲ್ಲಿ ಕಡು ಹಿಮದ ಚಳಿಗಾಲಗಳು ಕಡಿಮೆಯಾಗಿದ್ದವು. ಕೆಲವೇ ಕಿಲೋಮೀಟರ್ ಅಂತರದಲ್ಲಿ ತೈಲದ ಸ್ವರೂಪ ಇಷ್ಟು ಬದಲಾಗುವಾಗ, ‘ಫ್ರಾನ್ಸಿನ ಥೈಮ್ ತೈಲ’ ಎಂಬ ಮಾತು ರಾಸಾಯನಿಕವಾಗಿ ಏನನ್ನೂ ಹೇಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇಂಥ ವ್ಯತ್ಯಾಸ ಬೇರೆ ಸಸ್ಯಗಳಲ್ಲೂ ಇದೆಯೇ?

ಧಾರಾಳವಾಗಿ ಇದೆ. ರೋಸ್‌ಮರಿಯನ್ನು ತೆಗೆದುಕೊಂಡರೆ, ಮೊರಾಕೊ ಮತ್ತು ಟ್ಯುನೀಸಿಯಾದ ತೈಲದಲ್ಲಿ ಸಿನಿಯೋಲ್ ಮುಂದಿರುತ್ತದೆ, ಸ್ಪೇನಿನ ತೈಲದಲ್ಲಿ ಕರ್ಪೂರ ಮತ್ತು ಆಲ್ಫಾ-ಪೈನೀನ್‌ಗಳ ಪಾಲು ಹೆಚ್ಚು, ಕಾರ್ಸಿಕಾ ದ್ವೀಪದ ತೈಲ ವರ್ಬಿನೋನ್‌ಗೆ ಹೆಸರಾಗಿದೆ. ಕಾಮಕಸ್ತೂರಿಯಲ್ಲಿ ಲಿನಲೂಲ್, ಮಿಥೈಲ್ ಚಾವಿಕಾಲ್, ಯೂಜಿನಾಲ್, ಮಿಥೈಲ್ ಸಿನ್ನಮೇಟ್ ಹೀಗೆ ಹಲವು ಬಗೆಗಳಿವೆ. ಯುರೋಪಿನ ಸಬ್ಬಸಿಗೆ ಬೀಜದ ತೈಲದಲ್ಲಿ ಕಾರ್ವೋನ್ ಪ್ರಧಾನ. ಭಾರತದ ಸಬ್ಬಸಿಗೆಯಲ್ಲಿ ಅದರ ಜೊತೆಗೆ ಡಿಲ್ಏಪಿಯೋಲ್ ಎಂಬ ಇನ್ನೊಂದು ಘಟಕ ಗಣನೀಯ ಪ್ರಮಾಣದಲ್ಲಿರುತ್ತದೆ.

ಕರ್ಪೂರದ ಮರದ ಕತೆ ಇನ್ನೂ ವಿಚಿತ್ರ. ಪೂರ್ವ ಏಷ್ಯಾದ ಈ ಮರದಲ್ಲಿ ಕರ್ಪೂರ ಪ್ರಧಾನವಾದ ಬಗೆಯೂ ಉಂಟು, ಲಿನಲೂಲ್ ಪ್ರಧಾನವಾದ ಬಗೆಯೂ ಉಂಟು. 19ನೇ ಶತಮಾನದಲ್ಲಿ ಮಡಗಾಸ್ಕರ್‌ಗೆ ಹೋಗಿ ನೆಲೆಸಿದ ಅದೇ ಮರದ ಎಲೆಯ ತೈಲದಲ್ಲಿ ಸಿನಿಯೋಲ್ ತುಂಬಿಕೊಂಡಿದ್ದು, ಕರ್ಪೂರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದು ರವಿಂತ್ಸಾರ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಮಡಗಾಸ್ಕರ್‌ನದೇ ಮೂಲದ ರಾವೆನ್ಸಾರ ಎಂಬ ಬೇರೊಂದು ಮರ ಇರುವುದರಿಂದ ಇವೆರಡರ ತೈಲಗಳನ್ನು ಬಹುಕಾಲ ಅದಲುಬದಲು ಮಾಡಿಕೊಂಡಿದ್ದೂ ಆಗಿದೆ. ಹಳೆಯ ಬರಹಗಳಲ್ಲಿ ರಾವೆನ್ಸಾರದ ಗುಣಗಳೆಂದು ಓದಿದ್ದು ನಿಜಕ್ಕೂ ಯಾವ ಮರದ್ದೆಂದು ಎರಡು ಬಾರಿ ನೋಡಿಕೊಳ್ಳುವುದು ಒಳ್ಳೆಯದು.

ವ್ಯತ್ಯಾಸ ವಂಶವಾಹಿಯಿಂದ ಬಂದದ್ದೋ ಹವಾಮಾನದಿಂದ ಬಂದದ್ದೋ ಎಂದು ಕಂಡುಹಿಡಿಯುವುದು ಹೇಗೆ?

ಬೇರೆ ಬೇರೆ ಪ್ರದೇಶಗಳಿಂದ ತಂದ ಗಿಡಗಳನ್ನು ಒಂದೇ ತೋಟದಲ್ಲಿ, ಒಂದೇ ಮಣ್ಣು ನೀರಿನಲ್ಲಿ ಬೆಳೆಸಿ ತೈಲವನ್ನು ಹೋಲಿಸಬೇಕು. ಅಲ್ಲಿಯೂ ಅಂತರ ಉಳಿದುಕೊಂಡರೆ ಅದು ಆನುವಂಶಿಕ, ಅಳಿಸಿಹೋದರೆ ಪರಿಸರದ್ದು. ಗಿಡದ ಕಡ್ಡಿಗಳನ್ನು ನೆಟ್ಟು ಒಂದೇ ವಂಶವಾಹಿಯ ಸಸಿಗಳನ್ನು ಎರಡು ಕಡೆ ಬೆಳೆಸುವುದು ಇನ್ನೂ ಬಲವಾದ ಸಾಕ್ಷ್ಯ ಕೊಡುತ್ತದೆ. ಕಾಡಿನಿಂದ ನೇರವಾಗಿ ಸಂಗ್ರಹಿಸಿದ ಮಾದರಿಗಳನ್ನು ಮಾತ್ರ ಹೋಲಿಸಿ ‘ಇದು ಎತ್ತರದ ಪರಿಣಾಮ’, ‘ಇದು ಮಣ್ಣಿನ ಪರಿಣಾಮ’ ಎಂದು ತೀರ್ಮಾನಿಸುವ ಬರಹಗಳು ಬೇಕಾದಷ್ಟಿವೆ. ಎತ್ತರದ ಜೊತೆಗೆ ಗಿಡದ ತಳಿಯೂ, ಹೂ ಬಿಡುವ ಕಾಲವೂ ಬದಲಾಗಿರುವುದರಿಂದ ಆ ತೀರ್ಮಾನಕ್ಕೆ ಆಧಾರ ಸಾಲದು.

ಕೊಯ್ಲಿನ ಸಮಯ ನಿಜವಾಗಿಯೂ ಅಷ್ಟು ಮುಖ್ಯವೇ?

ಮುಖ್ಯ, ಮತ್ತು ಬಹುತೇಕ ಹೋಲಿಕೆಗಳು ಮುಗ್ಗರಿಸುವುದು ಇಲ್ಲಿಯೇ. ಗ್ರೀಸಿನ ಒರೆಗಾನೊವನ್ನು ಬೇಸಿಗೆಯಲ್ಲಿ, ಹೂಬಿಟ್ಟಾಗ ಕೊಯ್ದರೆ ತೈಲದಲ್ಲಿ ಕಾರ್ವಕ್ರಾಲ್ ಅಥವಾ ಥೈಮಾಲ್ ಮೇಲುಗೈ ಪಡೆದಿರುತ್ತದೆ. ಅದೇ ಗಿಡಗಳನ್ನು ಬೇಸಿಗೆ ಕಳೆದ ಮೇಲೆ ಶರತ್ಕಾಲದಲ್ಲಿ ಕೊಯ್ದರೆ ತೈಲದ ಇಳುವರಿ ಬಹಳ ಇಳಿದು, ಪ್ಯಾರಾ-ಸೈಮೀನ್‌ನ ಪಾಲು ಏರಿರುತ್ತದೆ. ಪ್ಯಾರಾ-ಸೈಮೀನ್ ಒಂಟಿಯಾಗಿ ಬ್ಯಾಕ್ಟೀರಿಯಾಗಳ ಮೇಲೆ ದುರ್ಬಲ. ಆದ್ದರಿಂದ ಒಂದು ಪ್ರದೇಶದ ಬೇಸಿಗೆಯ ಕೊಯ್ಲನ್ನು ಇನ್ನೊಂದರ ಶರತ್ಕಾಲದ ಕೊಯ್ಲಿನೊಡನೆ ಹೋಲಿಸಿ ಮೊದಲನೆಯ ಪ್ರದೇಶವೇ ಶ್ರೇಷ್ಠ ಎಂದರೆ, ಅಲ್ಲಿ ಅಳೆದದ್ದು ಪ್ರದೇಶವನ್ನಲ್ಲ, ತಿಂಗಳನ್ನು.

ಪೆಪ್ಪರ್‌ಮಿಂಟ್‌ನಲ್ಲೂ ಹಾಗೆಯೇ. ಎಲೆ ಬಲಿತಂತೆ ಮೆಂಥೋನ್ ಕ್ರಮೇಣ ಮೆಂಥಾಲ್ ಆಗಿ ಪರಿವರ್ತನೆಗೊಳ್ಳುತ್ತದೆ. ಹೂಬಿಡುವ ಹೊತ್ತಿಗೆ ಮೆಂಥೋಫ್ಯೂರಾನ್ ಹೆಚ್ಚುತ್ತದೆ. ಹಗಲು ಗಿಡ್ಡವಾದರೆ ಮತ್ತು ರಾತ್ರಿ ಬೆಚ್ಚಗಿದ್ದರೆ ಈ ಸಮತೋಲ ಕೆಡುತ್ತದೆ. ಸಮಭಾಜಕದಿಂದ ಎಷ್ಟು ದೂರದಲ್ಲಿ ಬೆಳೆದಿದೆ ಎಂಬುದು ಪೆಪ್ಪರ್‌ಮಿಂಟ್‌ಗೆ ಮುಖ್ಯವಾಗುವುದು ಈ ಕಾರಣಕ್ಕೆ.

ಸಸ್ಯದ ಯಾವ ಭಾಗ ಎಂಬುದೂ ಲೆಕ್ಕಕ್ಕೆ ಬರುತ್ತದೆಯೇ?

ದಾಲ್ಚಿನ್ನಿ ಮರದ ತೊಗಟೆಯ ತೈಲದಲ್ಲಿ ಸಿನ್ನಮಾಲ್ಡಿಹೈಡ್, ಎಲೆಯ ತೈಲದಲ್ಲಿ ಯೂಜಿನಾಲ್, ಬೇರಿನ ತೊಗಟೆಯ ತೈಲದಲ್ಲಿ ಕರ್ಪೂರ ಪ್ರಧಾನ. ಒಂದೇ ಮರ, ಮೂರು ತೈಲ. ಭಾಗವನ್ನು ಹೇಳದ ವರದಿಯನ್ನು ಪಕ್ಕಕ್ಕಿಡಬಹುದು.

ಬಟ್ಟಿ ಇಳಿಸುವ ವಿಧಾನದಿಂದ ಸಂಯೋಜನೆ ಬದಲಾಗುತ್ತದೆಯೇ?

ಬದಲಾಗುತ್ತದೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವುದು 1928ರಲ್ಲಿ ರೂಪುಗೊಂಡ ಕ್ಲೆವೆಂಜರ್ ಉಪಕರಣ. ಅದರಲ್ಲಿ ಸಸ್ಯವನ್ನು ನೀರಿನಲ್ಲೇ ಮುಳುಗಿಸಿ ಗಂಟೆಗಟ್ಟಲೆ ಕುದಿಸುತ್ತಾರೆ. ಕೈಗಾರಿಕೆಯಲ್ಲಿ ಸಸ್ಯದ ರಾಶಿಯ ಮೂಲಕ ಹೊರಗಿನಿಂದ ಆವಿಯನ್ನು ಹಾಯಿಸುತ್ತಾರೆ. ಕುದಿಯುವ ನೀರಿನ ಸಂಪರ್ಕದಲ್ಲಿ ಲ್ಯಾವೆಂಡರ್‌ನ ಲಿನಲೈಲ್ ಅಸಿಟೇಟ್ ಭಾಗಶಃ ಒಡೆದು ಲಿನಲೂಲ್ ಆಗುತ್ತದೆ. ಮಾರ್ಜೊರಮ್‌ನ ಸಬಿನೀನ್ ಹೈಡ್ರೇಟ್ ರೂಪಾಂತರಗೊಂಡು ಟರ್ಪಿನೀನ್-4-ಆಲ್ ಹುಟ್ಟುತ್ತದೆ. ಜರ್ಮನ್ ಕ್ಯಾಮೊಮೈಲ್ ತೈಲದ ಗಾಢ ನೀಲಿ ಬಣ್ಣಕ್ಕೆ ಕಾರಣವಾದ ಕ್ಯಾಮಜುಲೀನ್ ಅಂತೂ ಹೂವಿನಲ್ಲಿ ಇರುವುದೇ ಇಲ್ಲ. ಹೂವಿನ ಮ್ಯಾಟ್ರಿಸಿನ್ ಎಂಬ ಬಣ್ಣರಹಿತ ವಸ್ತು ಬಟ್ಟಿಯ ಬಿಸಿಗೆ ಸಿಕ್ಕಿ ನೀಲಿಯಾಗುತ್ತದೆ. ಅವಧಿಯೂ ಲೆಕ್ಕಕ್ಕೆ ಬರುತ್ತದೆ: ಹಗುರ ಮಾನೋಟರ್ಪೀನ್‌ಗಳು ಬೇಗ ಹೊರಬರುತ್ತವೆ, ಸೆಸ್ಕ್ವಿಟರ್ಪೀನ್‌ಗಳು ನಿಧಾನ. ಒಂದು ಗಂಟೆ ಬಟ್ಟಿ ಇಳಿಸಿದವರಿಗೂ ನಾಲ್ಕು ಗಂಟೆ ಇಳಿಸಿದವರಿಗೂ ಒಂದೇ ಗಿಡದಿಂದ ಬೇರೆ ಬೇರೆ ತೈಲ ದೊರೆಯುತ್ತದೆ.

ಜಿಸಿ-ಎಂಎಸ್ ವರದಿಯನ್ನು ಓದುವಾಗ ಏನನ್ನು ಗಮನಿಸಬೇಕು?

ಗ್ಯಾಸ್ ಕ್ರೊಮ್ಯಾಟೊಗ್ರಫಿ ತೈಲದ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳನ್ನು ಗುರುತಿಸಲು ನೆರವಾಗುತ್ತದೆ. ವರದಿಯಲ್ಲಿ ಪ್ರತಿ ಘಟಕದ ಮುಂದೆ ಧಾರಣ ಸೂಚ್ಯಂಕ, ಅಂದರೆ ಕಾಲಮ್ ಎಂಬ ಕೊಳವೆಯಿಂದ ಅದು ಹೊರಬರಲು ಹಿಡಿದ ಸಮಯವನ್ನು ಸೂಚಿಸುವ ಸಂಖ್ಯೆ, ಇದೆಯೇ ಎಂದು ಮೊದಲು ನೋಡಬೇಕು. ಥೈಮಾಲ್ ಮತ್ತು ಕಾರ್ವಕ್ರಾಲ್ ಒಂದೇ ಅಣುಸೂತ್ರದ ವಸ್ತುಗಳು. ಅವುಗಳ ಮಾಸ್ ಸ್ಪೆಕ್ಟ್ರಮ್‌ಗಳು ಅವಳಿಗಳಂತಿರುತ್ತವೆ. ಸಾಮಾನ್ಯವಾಗಿ ಬಳಸುವ ಕಾಲಮ್‌ಗಳಲ್ಲಿ ಅವುಗಳ ಸೂಚ್ಯಂಕ ಕ್ರಮವಾಗಿ 1290 ಮತ್ತು 1299ರ ಆಸುಪಾಸು ಬರುವುದರಿಂದ ಮಾತ್ರ ಅವುಗಳನ್ನು ಬೇರ್ಪಡಿಸಿ ಹೇಳಬಹುದು. ಕಂಪ್ಯೂಟರಿನ ಸಂಗ್ರಹ ಸೂಚಿಸಿದ ಮೊದಲ ಹೆಸರನ್ನೇ ಹಾಗೆಯೇ ಬರೆದುಕೊಂಡ ಪಟ್ಟಿಗಳಲ್ಲಿ, ಆ ಸಸ್ಯದಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತುಗಳೂ ನುಸುಳಿರುವುದುಂಟು.

ಇನ್ನೊಂದು ಮಾತು. ವರದಿಯ ಶೇಕಡಾವಾರು ಸಾಪೇಕ್ಷವಾದದ್ದು. ಕಾರ್ವಕ್ರಾಲ್ ಶೇ 60ರಿಂದ 70ಕ್ಕೆ ಏರಿದ್ದರೆ ಗಿಡ ಹೆಚ್ಚು ಕಾರ್ವಕ್ರಾಲ್ ತಯಾರಿಸಿತೆಂದೇ ಅರ್ಥವಲ್ಲ, ಉಳಿದವು ಆವಿಯಾಗಿ ಹೋಗಿದ್ದರೂ ಹಾಗೆಯೇ ಕಾಣುತ್ತದೆ. ಜೊತೆಗೆ, ಅನೇಕ ಟರ್ಪೀನ್‌ಗಳಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ, ಮತ್ತು ಸಾಮಾನ್ಯ ಕಾಲಮ್ ಅವುಗಳ ನಡುವೆ ಭೇದ ಕಾಣುವುದಿಲ್ಲ. ಲ್ಯಾವೆಂಡರ್‌ನ ಲಿನಲೂಲ್ ಒಂದು ರೂಪದ್ದು, ಕೊತ್ತಂಬರಿ ಬೀಜದ್ದು ಬಹುಪಾಲು ಇನ್ನೊಂದು ರೂಪದ್ದು. ಕಲಬೆರಕೆಯನ್ನು ಹಿಡಿಯಲು ಇದೇ ಅಂಶ ಬಹಳ ಸಲ ನೆರವಿಗೆ ಬರುತ್ತದೆ, ಏಕೆಂದರೆ ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಲಿನಲೂಲ್‌ನಲ್ಲಿ ಸಾಮಾನ್ಯವಾಗಿ ಎರಡೂ ರೂಪಗಳು ಸಮಸಮ ಇರುತ್ತವೆ.

ತೈಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಹೇಗೆ?

ಹೆಚ್ಚಿನ ಘಟಕಗಳ ಮುಖ್ಯ ಗುರಿ ಕೋಶಪೊರೆ. ಕಾರ್ವಕ್ರಾಲ್‌ನಂಥ ಕೊಬ್ಬುಪ್ರಿಯ ಅಣುಗಳು ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ. ಪೊಟ್ಯಾಸಿಯಂ ಅಯಾನುಗಳು ಹೊರಗೆ ಸೋರುತ್ತವೆ, ಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನ್ ಅಂತರ ಕುಸಿಯುತ್ತದೆ, ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಬರಿದಾಗುತ್ತದೆ. ಫೀನಾಲ್‌ಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪು ಇದರಲ್ಲಿ ನಿರ್ಣಾಯಕ: ಅದಿಲ್ಲದ ಪ್ಯಾರಾ-ಸೈಮೀನ್ ಪೊರೆಯನ್ನು ಉಬ್ಬಿಸುತ್ತದೆಯೇ ಹೊರತು ಅದರಿಂದ ಕೋಶ ಸಾಯುವುದು ಕಡಿಮೆ. ಹೀಗಿದ್ದೂ ಪ್ಯಾರಾ-ಸೈಮೀನ್ ಪೊರೆಯನ್ನು ಉಬ್ಬಿಸಿ ಕಾರ್ವಕ್ರಾಲ್ ಒಳಹೊಗಲು ದಾರಿ ಮಾಡಿಕೊಡುತ್ತದೆ ಎಂಬುದಕ್ಕೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನಡೆದ ಪ್ರಯೋಗಗಳ ಬೆಂಬಲವಿದೆ. ಸಿನ್ನಮಾಲ್ಡಿಹೈಡ್‌ನ ದಾರಿ ಬೇರೆ, ಅದು ಪ್ರೋಟೀನ್‌ಗಳೊಡನೆ ನೇರವಾಗಿ ಪ್ರತಿಕ್ರಿಯಿಸಬಲ್ಲದು.

ಸ್ಥೂಲವಾಗಿ ಬಲದ ಕ್ರಮವನ್ನು ಹೀಗೆ ಹೇಳಬಹುದು: ಫೀನಾಲ್‌ಗಳು ಮತ್ತು ಸಿನ್ನಮಾಲ್ಡಿಹೈಡ್ ಮೊದಲ ಸಾಲಿನಲ್ಲಿ, ಆಮೇಲೆ ಸಿಟ್ರಾಲ್‌ನಂಥ ಆಲ್ಡಿಹೈಡ್‌ಗಳು ಮತ್ತು ಆಲ್ಕೋಹಾಲ್‌ಗಳು, ಅವುಗಳ ಹಿಂದೆ ಕೀಟೋನ್‌ಗಳು ಮತ್ತು ಸಿನಿಯೋಲ್, ಕೊನೆಯಲ್ಲಿ ಆಮ್ಲಜನಕವೇ ಇಲ್ಲದ ಲಿಮೊನೀನ್, ಪೈನೀನ್‌ಗಳಂಥ ಹೈಡ್ರೋಕಾರ್ಬನ್‌ಗಳು.

ಕೆಲವು ಬ್ಯಾಕ್ಟೀರಿಯಾಗಳು ಯಾವ ಪ್ರದೇಶದ ತೈಲಕ್ಕೂ ಬಗ್ಗುವುದಿಲ್ಲವೇಕೆ?

ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ದಪ್ಪ ಗೋಡೆಯಿದ್ದರೂ ಹೊರಪೊರೆ ಇಲ್ಲ. ಇ. ಕೋಲೈನಂಥ ಗ್ರಾಮ್ ನೆಗೆಟಿವ್‌ಗಳಿಗೆ ಲಿಪೊಪಾಲಿಸ್ಯಾಕರೈಡ್ ಹೊದ್ದ ಹೊರಪೊರೆ ಇದ್ದು, ಅದು ಕೊಬ್ಬುಪ್ರಿಯ ಅಣುಗಳನ್ನು ತಡೆಯುತ್ತದೆ. ಸ್ಯೂಡೊಮೊನಾಸ್ ಎರುಜಿನೋಸಾ ಇದರ ಜೊತೆಗೆ ಒಳನುಗ್ಗಿದ ಅಣುಗಳನ್ನು ಹೊರದಬ್ಬುವ ಪಂಪುಗಳನ್ನೂ ಹೊಂದಿದೆ. ಹಾಗಾಗಿ ಸ್ಯೂಡೊಮೊನಾಸ್ ಎದುರು ಎರಡು ಪ್ರದೇಶಗಳ ತೈಲಗಳು ಸಮಾನವಾಗಿ ಸೋತರೆ, ಅವು ರಾಸಾಯನಿಕವಾಗಿಯೂ ಸಮಾನ ಎಂದು ತೀರ್ಮಾನಿಸಬಾರದು.

ಹಾಗಾದರೆ ಪ್ರದೇಶ ಬದಲಾದರೆ ಬ್ಯಾಕ್ಟೀರಿಯಾ ವಿರೋಧಿ ಗುಣ ಎಷ್ಟು ಬದಲಾಗುತ್ತದೆ?

ಪ್ರಧಾನ ಘಟಕದ ವರ್ಗವೇ ಬದಲಾದರೆ ಬಹಳ, ಅದೇ ಘಟಕದ ಪ್ರಮಾಣ ಮಾತ್ರ ಬದಲಾದರೆ ಸ್ವಲ್ಪ. ಥೈಮಾಲ್ ಥೈಮ್‌ಗೂ ಲಿನಲೂಲ್ ಥೈಮ್‌ಗೂ ಇರುವ ಅಂತರ ಯಾವ ಸಾಮಾನ್ಯ ಪರೀಕ್ಷೆಯಲ್ಲೂ ಎದ್ದು ಕಾಣುವಂಥದ್ದು. ಆದರೆ ಥೈಮಾಲ್ ಶೇ 45 ಇರುವ ತೈಲಕ್ಕೂ ಶೇ 52 ಇರುವ ತೈಲಕ್ಕೂ ಇರುವ ಅಂತರ ಪರೀಕ್ಷೆಯ ಸಹಜ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಎರಡು ಪಟ್ಟಿನ ಹೆಜ್ಜೆಗಳಲ್ಲಿ ತೆಳುಮಾಡುತ್ತಾ ಹೋಗುವ ಪರೀಕ್ಷೆಯಲ್ಲಿ ಒಂದು ಹೆಜ್ಜೆಯ ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಎಣಿಸುವುದಿಲ್ಲ. ಪ್ರಾದೇಶಿಕ ಹೋಲಿಕೆಗಳನ್ನು ಓದುವಾಗ ನಾವು ಮೊದಲು ನೋಡುವುದು ಇದನ್ನೇ.

ಪ್ರಧಾನ ಘಟಕ ಬದಲಾದರೆ ಗುಣವೂ ಬದಲಾಗುವುದಕ್ಕೆ ಟೀ ಟ್ರೀ ಒಳ್ಳೆಯ ನಿದರ್ಶನ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮೂಲದ ಈ ಮರದ ತೈಲದ ಸೂಕ್ಷ್ಮಜೀವಿ ನಾಶಕ ಗುಣವನ್ನು ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ 1920ರ ದಶಕದಲ್ಲಿ ವರದಿ ಮಾಡಿದರು. ಆದರೆ ಕಾಡಿನ ಮರಗಳಲ್ಲಿ ಟರ್ಪಿನೀನ್-4-ಆಲ್ ಪ್ರಧಾನವಾದವು, ಟರ್ಪಿನೋಲೀನ್ ಪ್ರಧಾನವಾದವು, ಸಿನಿಯೋಲ್ ಪ್ರಧಾನವಾದವು ಎಂದು ಹಲವು ಬಗೆಗಳಿವೆ. ಬ್ಯಾಕ್ಟೀರಿಯಾಗಳ ಮೇಲಿನ ಕೆಲಸ ಬಹುಪಾಲು ಟರ್ಪಿನೀನ್-4-ಆಲ್‌ನದು.

ಯಾವ ಪರೀಕ್ಷೆಯ ಫಲಿತಾಂಶವನ್ನು ನಂಬಬಹುದು?

ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ತೈಲದಲ್ಲಿ ತೊಯ್ದ ಕಾಗದದ ಬಿಲ್ಲೆಯನ್ನಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುವುದು ಅತಿ ಸುಲಭದ, ಅದಕ್ಕೇ ಅತಿ ಜನಪ್ರಿಯವಾದ ಪರೀಕ್ಷೆ. ಪ್ರತಿಜೀವಕಗಳಿಗೆ, ಅಂದರೆ ಆಂಟಿಬಯೋಟಿಕ್‌ಗಳಿಗೆ, ಇದು ಸೂಕ್ತ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗಿ ಅಗರ್‌ನಲ್ಲಿ ಹರಡುತ್ತವೆ. ತೈಲಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಒಂದು ಭಾಗ ಆವಿಯಾಗಿ ಹಾರಿಹೋಗುತ್ತದೆ. ಹೀಗಾಗಿ ಚೆನ್ನಾಗಿ ಹರಡುವ ದುರ್ಬಲ ತೈಲ ದೊಡ್ಡ ವಲಯವನ್ನೂ, ಹರಡದ ಪ್ರಬಲ ತೈಲ ಸಣ್ಣ ವಲಯವನ್ನೂ ತೋರಿಸಬಹುದು. ಎರಡು ಪ್ರದೇಶಗಳ ತೈಲಗಳನ್ನು ವಲಯದ ಅಗಲದಿಂದಲೇ ಶ್ರೇಣೀಕರಿಸುವುದು ಅಷ್ಟೇನೂ ಸರಿಯಲ್ಲ.

ಬ್ಯಾಕ್ಟೀರಿಯಾ ಬೆಳೆಸುವ ದ್ರವ ಮಾಧ್ಯಮದಲ್ಲಿ ತೈಲವನ್ನು ಹಂತಹಂತವಾಗಿ ತೆಳುಮಾಡಿ, ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆಯನ್ನು, ಅಂದರೆ ಎಂಐಸಿಯನ್ನು ಕಂಡುಹಿಡಿಯುವುದು ಇದಕ್ಕಿಂತ ಮೇಲು. ಅದರಲ್ಲೂ ಎಚ್ಚರ ಬೇಕು. ತೈಲ ನೀರಿನೊಡನೆ ಬೆರೆಯಲೆಂದು ಸೇರಿಸುವ ಟ್ವೀನ್ 80 ಹೆಚ್ಚಾದರೆ ಅದು ತೈಲದ ಸಕ್ರಿಯ ಘಟಕಗಳನ್ನು ತನ್ನೊಳಗೇ ಹಿಡಿದಿಟ್ಟುಕೊಂಡು ಬಲವನ್ನು ಕುಗ್ಗಿಸುತ್ತದೆ. ಅದರ ಬದಲು ಶೇ 0.15ರಷ್ಟು ಅಗರ್ ಬೆರೆಸಿ ತೈಲವನ್ನು ತೇಲದಂತೆ ನಿಲ್ಲಿಸುವ ಕ್ರಮವೂ ಉಂಟು. ಪರೀಕ್ಷೆ ನಡೆಸುವ ಪ್ಲಾಸ್ಟಿಕ್ ಫಲಕದ ಒಂದು ಗುಳಿಯ ಆವಿ ಪಕ್ಕದ ಗುಳಿಗೆ ದಾಟಿ, ತೈಲವೇ ಇಲ್ಲದ ಗುಳಿಯಲ್ಲೂ ಬೆಳವಣಿಗೆ ನಿಂತಿರುವುದು ಕಂಡುಬಂದಿದೆ. ಆರಂಭದಲ್ಲಿ ಹಾಕಿದ ಬ್ಯಾಕ್ಟೀರಿಯಾಗಳ ಸಂಖ್ಯೆ, ಮಾಧ್ಯಮ, ಬಳಸಿದ ತಳಿಯ ಗುರುತಿನ ಸಂಖ್ಯೆ ಇವುಗಳನ್ನು ಬರೆಯದ ವರದಿಯ ಎಂಐಸಿಯನ್ನು ಇನ್ನೊಂದು ವರದಿಯ ಎಂಐಸಿಯ ಪಕ್ಕದಲ್ಲಿ ಇಡಲಾಗದು.

‘ನಮ್ಮ ಪ್ರದೇಶದ ತೈಲವೇ ಅತ್ಯಂತ ಪರಿಣಾಮಕಾರಿ’ ಎನ್ನುವ ಅಧ್ಯಯನಗಳನ್ನು ಹೇಗೆ ಪರಿಶೀಲಿಸಬೇಕು?

ಎಷ್ಟು ಗಿಡಗಳಿಂದ ಸಂಗ್ರಹಿಸಿದರು ಎಂದು ಮೊದಲು ಕೇಳಬೇಕು. ಪ್ರತಿ ಪ್ರದೇಶದಿಂದ ಒಂದೇ ಮೂಟೆ ಎಲೆ ತಂದು, ಒಂದೇ ಬಾರಿ ಬಟ್ಟಿ ಇಳಿಸಿ, ಆ ತೈಲವನ್ನು ಮೂರು ಬಾರಿ ಪರೀಕ್ಷಿಸಿದರೆ ಅದು ಮೂರು ಮಾದರಿಗಳಲ್ಲ, ಒಂದೇ ಮಾದರಿ. ಅದರ ಮೇಲೆ ಎಷ್ಟೇ ಸಂಖ್ಯಾಶಾಸ್ತ್ರ ಪ್ರಯೋಗಿಸಿದರೂ ಪ್ರದೇಶದ ಬಗ್ಗೆ ಏನನ್ನೂ ಹೇಳಲಾಗದು. ಅನೇಕ ಗಿಡಗಳ ಎಲೆಗಳನ್ನು ಒಟ್ಟಿಗೆ ಸುರಿದು ಬಟ್ಟಿ ಇಳಿಸಿದರೆ, ಎರಡು ಕೀಮೋಟೈಪ್‌ಗಳ ಮಿಶ್ರಣವೇ ಮೂರನೆಯ ‘ಹೊಸ’ ಕೀಮೋಟೈಪ್ ಆಗಿ ಕಾಣಿಸುವ ಅಪಾಯವೂ ಇದೆ. ಸಸ್ಯದ ಒಣ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಟ್ಟು ಅದರ ಸಂಖ್ಯೆ ಕೊಟ್ಟಿದ್ದಾರೆಯೇ, ಕೊಯ್ಲಿನ ತಿಂಗಳು ಮತ್ತು ಗಿಡದ ಹಂತ ಹೇಳಿದ್ದಾರೆಯೇ, ರಾಸಾಯನಿಕ ವಿಶ್ಲೇಷಣೆಗೂ ಬ್ಯಾಕ್ಟೀರಿಯಾ ಪರೀಕ್ಷೆಗೂ ಒಂದೇ ಸೀಸೆಯ ತೈಲವನ್ನು ಬಳಸಿದ್ದಾರೆಯೇ ಎಂದು ನೋಡಬೇಕು. ಕೊನೆಯ ಪ್ರಶ್ನೆ ಅತಿ ಸಾಧಾರಣವೆನಿಸುತ್ತದೆ, ಆದರೆ ಸಂಯೋಜನೆಯನ್ನು ಬೇರೆಯವರ ಬರಹದಿಂದ ಎರವಲು ತಂದು ಪರೀಕ್ಷೆಯನ್ನು ಮಾತ್ರ ತಾವು ಮಾಡಿದವರೂ ಇದ್ದಾರೆ.

ಸಂಯೋಜನೆಗೆ ಅಂತರರಾಷ್ಟ್ರೀಯ ಮಾನದಂಡಗಳಿವೆಯೇ?

ಇವೆ. ಟೀ ಟ್ರೀ ತೈಲಕ್ಕೆ ಐಎಸ್ಒ 4730 ಎಂಬ ಮಾನದಂಡವಿದ್ದು, ಅದರ 2017ರ ಆವೃತ್ತಿಯಂತೆ ಟರ್ಪಿನೀನ್-4-ಆಲ್ ಕನಿಷ್ಠ ಶೇ 35 ಇರಬೇಕು, ಸಿನಿಯೋಲ್ ಶೇ 10ನ್ನು ಮೀರಬಾರದು. ರೋಸ್‌ಮರಿಗೆ ಐಎಸ್ಒ 1342 ಇದೆ. ಅದು ಸ್ಪೇನಿನ ಬಗೆಯನ್ನೂ ಟ್ಯುನೀಸಿಯಾ-ಮೊರಾಕೊ ಬಗೆಯನ್ನೂ ಬೇರೆ ಬೇರೆಯಾಗಿಯೇ ಪರಿಗಣಿಸುತ್ತದೆ. ಇಂಥ ಮಾನದಂಡಗಳು ವ್ಯಾಪಾರಕ್ಕೆ ಬೇಕಾದ ಗುರುತನ್ನು ನಿಗದಿಪಡಿಸುತ್ತವೆ. ಮಾನದಂಡಕ್ಕೆ ಹೊಂದಿದ ತೈಲ ಇಂಥ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬ ಭರವಸೆ ಅವುಗಳಲ್ಲಿ ಇಲ್ಲ.

ಬಲವಾದ ಕೀಮೋಟೈಪ್ ಸಿಕ್ಕರೆ ಅದನ್ನು ಪ್ರತಿಜೀವಕದ ಬದಲು ಬಳಸಬಹುದೇ?

ಬಳಸಬಾರದು. ಸಂಖ್ಯೆಗಳನ್ನೇ ನೋಡೋಣ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎದುರು ಟೀ ಟ್ರೀ ತೈಲದ ಎಂಐಸಿ ಸಾಮಾನ್ಯವಾಗಿ ಗಾತ್ರದಲ್ಲಿ ಶೇ 0.5ರಿಂದ 1.25ರವರೆಗೆ ವರದಿಯಾಗಿದೆ. ಶೇ 0.5 ಎಂದರೆ ಒಂದು ಮಿಲಿಲೀಟರಿಗೆ ಸುಮಾರು 4,500 ಮೈಕ್ರೋಗ್ರಾಂ. ಪೆನಿಸಿಲಿನ್‌ಗೆ ಬಗ್ಗುವ ಅದೇ ಬ್ಯಾಕ್ಟೀರಿಯಾವನ್ನು ತಡೆಯಲು ಒಂದು ಮಿಲಿಲೀಟರಿಗೆ 0.12 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ ಪೆನಿಸಿಲಿನ್ ಸಾಕು. ಅಂತರ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ತೈಲದ ಆ ಮಟ್ಟದ ಸಾಂದ್ರತೆಯನ್ನು ರಕ್ತದಲ್ಲಿ ಮುಟ್ಟುವ ಮೊದಲೇ ಅದು ಮನುಷ್ಯನ ಜೀವಕೋಶಗಳ ಪೊರೆಗಳಿಗೂ ಹಾನಿ ಮಾಡುತ್ತದೆ. ಟೀ ಟ್ರೀ ತೈಲ ನುಂಗಿದವರಲ್ಲಿ ಮಂಪರು ಮತ್ತು ನಡಿಗೆಯ ತೂರಾಟ, ಕರ್ಪೂರ ನುಂಗಿದ ಮಕ್ಕಳಲ್ಲಿ ಅಪಸ್ಮಾರದಂಥ ಸೆಳೆತ ದಾಖಲಾಗಿವೆ. ಈ ತೈಲಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು, ಸೋಂಕಿಗೆ ವೈದ್ಯರನ್ನೇ ಕಾಣಬೇಕು. ಚರ್ಮದ ಮೇಲ್ಮೈ, ಬಾಯಿ ಮುಕ್ಕಳಿಸುವ ದ್ರವ, ಆಹಾರ ಕೆಡದಂತೆ ಕಾಯುವ ಹೊದಿಕೆಗಳಂಥ ಸೀಮಿತ ಬಳಕೆಗಳಲ್ಲಿ ಮಾತ್ರ ಈ ಗುಣಕ್ಕೆ ನಿಜವಾದ ಅವಕಾಶವಿದೆ. ಆಹಾರದಲ್ಲಿಯೂ ಕೊಬ್ಬು ಮತ್ತು ಪ್ರೋಟೀನ್‌ಗಳು ತೈಲವನ್ನು ಹೀರಿಕೊಳ್ಳುವುದರಿಂದ ಪ್ರಯೋಗಾಲಯದ ಮಟ್ಟಕ್ಕಿಂತ ಹೆಚ್ಚು ಹಾಕಬೇಕಾಗಿ ಬಂದು, ಅಷ್ಟರಲ್ಲಿ ರುಚಿಯೇ ಕೆಟ್ಟಿರುತ್ತದೆ.

ಸರಿಯಾದ ತೈಲವನ್ನೇ ಕೊಂಡಿದ್ದರೂ ಕಾಲಕ್ರಮೇಣ ಅದು ಬದಲಾಗುತ್ತದೆಯೇ?

ಬದಲಾಗುತ್ತದೆ. ಗಾಳಿ, ಬೆಳಕು, ಬಿಸಿ ಮೂರೂ ಸೇರಿ ಲಿಮೊನೀನ್ ಮತ್ತು ಲಿನಲೂಲ್‌ಗಳನ್ನು ಹೈಡ್ರೋಪೆರಾಕ್ಸೈಡ್‌ಗಳಾಗಿಸುತ್ತವೆ. ಚರ್ಮಕ್ಕೆ ಅಲರ್ಜಿ ತರುವುದು ಹೆಚ್ಚಾಗಿ ಈ ಹಳಸಿದ ರೂಪಗಳು. ಟೀ ಟ್ರೀ ತೈಲ ಹಳೆಯದಾದಂತೆ ಅದರ ಟರ್ಪಿನೀನ್‌ಗಳು ಇಳಿದು ಪ್ಯಾರಾ-ಸೈಮೀನ್ ಏರುತ್ತದೆ. ಆದ್ದರಿಂದ ಒಂದು ಪ್ರದೇಶದ ಹೊಸ ತೈಲವನ್ನು ಇನ್ನೊಂದರ ಹಳೆಯ ತೈಲದೊಡನೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕಪಾಟಿನದ್ದೂ ಆಗಿರಬಹುದು. ಕಂದು ಗಾಜಿನ ಸೀಸೆಯಲ್ಲಿ, ಕುತ್ತಿಗೆಯವರೆಗೂ ತುಂಬಿ, ಮುಚ್ಚಳ ಬಿಗಿಮಾಡಿ, ತಣ್ಣನೆಯ ಕತ್ತಲಲ್ಲಿ ಇಡಬೇಕು. ಅರ್ಧ ಖಾಲಿಯಾದ ಸೀಸೆಯ ತೈಲವನ್ನು ಸಣ್ಣ ಸೀಸೆಗೆ ವರ್ಗಾಯಿಸಿ, ಬಟ್ಟಿ ಇಳಿಸಿದ ದಿನಾಂಕವನ್ನೂ ಸೀಸೆ ತೆರೆದ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಅಂಟಿಸಬೇಕು.